ಗುಳಿಗೆ ಬಿಟ್ಟವನು ತಪ್ಪಿತಸ್ಥನೇ?

ಮನುಷ್ಯನಿಗೆ ಒಂದು ದಿನದ ದೊಡ್ಡ ತ್ಯಾಗ ಅಷ್ಟು ಕಷ್ಟವಲ್ಲ. ದಿನದಿನದ ಸಣ್ಣ ನಿಷ್ಠೆಯೇ ಬಹು ಕಷ್ಟ. ತಂದೆ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿರುವಾಗ ತುಂಡು ಹೊಲವನ್ನು ಅಡವಿಡಲು ಮಗ ಹಿಂಜರಿಯುವುದಿಲ್ಲ. ಆದರೆ ಆರು ತಿಂಗಳ ನಂತರ ಅದೇ ತಂದೆಯ ಗುಳಿಗೆಗಳು ಮುಗಿದಿವೆಯೇ ಎಂದು ನೋಡಲು ಅವನಿಗೆ ನೆನಪಾಗುವುದಿಲ್ಲ. ತಂದೆಯೂ ಕೇಳುವುದಿಲ್ಲ. ಹೀಗೆ ಯಾರೂ ತೀರ್ಮಾನ ಮಾಡದೆಯೇ ಒಂದು ಔಷಧ ನಿಂತುಹೋಗುತ್ತದೆ. ಮುಂದೊಂದು ದಿನ ಎರಡನೆಯ ಆಘಾತ ಬಂದೆರಗಿದಾಗ, 'ಗುಳಿಗೆ ಸರಿಯಾಗಿ ತೆಗೆದುಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು' ಎಂಬ ತೀರ್ಪು ಮಾತ್ರ ಎಲ್ಲರ ಬಾಯಲ್ಲೂ ಸಿದ್ಧವಾಗಿರುತ್ತದೆ.

ಪ್ರಿಯ ಓದುಗರೇ, ಈ ತೀರ್ಪು ನ್ಯಾಯವೇ? ಪಾರ್ಶ್ವವಾಯುವಿನಿಂದ ಬದುಕುಳಿದ ವ್ಯಕ್ತಿ ವೈದ್ಯರು ಬರೆದುಕೊಟ್ಟ ಔಷಧವನ್ನು ಬಿಟ್ಟುಬಿಟ್ಟರೆ ಅದು ಅವನ ಪಾಪವೇ, ದೌರ್ಬಲ್ಯವೇ, ದುರದೃಷ್ಟವೇ? ಅಥವಾ ಆ ಹೊಣೆಯಲ್ಲಿ ನಮಗೂ ಪಾಲಿದೆಯೇ? ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಲಕ್ವ ಹೊಡೆದವರೊಬ್ಬರು ಮನೆಯ ಜಗಲಿಯ ಮೇಲೆ ಕುಳಿತಿರುವ ಈ ಕಾಲದಲ್ಲಿ ಇದು ಕೇವಲ ವೈದ್ಯರಿಗೆ ಬಿಟ್ಟ ಪ್ರಶ್ನೆಯಾಗಿ ಉಳಿದಿಲ್ಲ. 2025ರ ಏಪ್ರಿಲ್ 21ರಂದು ನಮ್ಮನ್ನಗಲಿದ ವಿಶ್ವಗುರು ಫ್ರಾನ್ಸಿಸರ ಮರಣಕ್ಕೂ ಪಾರ್ಶ್ವವಾಯು ಮತ್ತು ಅದನ್ನು ಹಿಂಬಾಲಿಸಿದ ಹೃದಯಸ್ತಂಭನವೇ ಕಾರಣವೆಂದು ವ್ಯಾಟಿಕನ್ ಪ್ರಕಟಿಸಿತು. ಗುಡಿಸಲಿಗೂ ಅರಮನೆಗೂ ಭೇದವೆಣಿಸದ ವ್ಯಾಧಿಯಿದು.

ಹೊಳೆ ದಾಟಿದ ಮೇಲೆ

ಮೆದುಳಿಗೆ ರಕ್ತ ಒಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಹೋದಾಗ, ಅಥವಾ ಒಡೆದು ರಕ್ತ ಸೋರಿದಾಗ ಪಾರ್ಶ್ವವಾಯು ಉಂಟಾಗುತ್ತದೆ. ಮೊದಲನೆಯದೇ ಹೆಚ್ಚು ಸಾಮಾನ್ಯ. ಒಮ್ಮೆ ಬಂದು ಹೋದ ಮಾತ್ರಕ್ಕೆ ಅದರ ಲೆಕ್ಕ ಮುಗಿಯುವುದಿಲ್ಲ. ಪಾರ್ಶ್ವವಾಯುವಿನ ಪ್ರತಿ 4 ಪ್ರಕರಣಗಳಲ್ಲಿ ಸುಮಾರು 1 ಪ್ರಕರಣ ಹಿಂದೊಮ್ಮೆ ಅದನ್ನು ಅನುಭವಿಸಿದವರಲ್ಲಿಯೇ ಸಂಭವಿಸುತ್ತದೆ. ಆದಕಾರಣ ವೈದ್ಯರು ರಕ್ತದೊತ್ತಡವನ್ನು ತಗ್ಗಿಸುವ ಗುಳಿಗೆ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ನಾಳ ಮುಚ್ಚಿ ಬಂದ ಆಘಾತವಾಗಿದ್ದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್‌ನಂತಹ ಔಷಧ - ಇವನ್ನು ಬಹುಮಟ್ಟಿಗೆ ಜೀವನಪರ್ಯಂತ ತೆಗೆದುಕೊಳ್ಳುವಂತೆ ಬರೆದುಕೊಡುತ್ತಾರೆ. ಇವು ವ್ಯರ್ಥವಲ್ಲ. 6,105 ಜನರ ಮೇಲೆ ನಡೆದು 2001ರಲ್ಲಿ ಪ್ರಕಟವಾದ 'ಪ್ರೋಗ್ರೆಸ್' ಎಂಬ ಅಧ್ಯಯನದಲ್ಲಿ, ರಕ್ತದೊತ್ತಡ ತಗ್ಗಿಸುವ ಚಿಕಿತ್ಸೆಯೊಂದರಿಂದಲೇ ಮರು ಆಘಾತದ ಅಪಾಯ ಶೇಕಡ 28ರಷ್ಟು ಕಡಿಮೆಯಾಯಿತು.

ಆದರೂ ಜನರು ಬಿಡುತ್ತಾರೆ. ದೀರ್ಘಕಾಲದ ಕಾಯಿಲೆಗಳಲ್ಲಿ, ಶ್ರೀಮಂತ ರಾಷ್ಟ್ರಗಳಲ್ಲಿಯೂ, ಸರಾಸರಿ ಅರ್ಧದಷ್ಟು ರೋಗಿಗಳು ಮಾತ್ರ ಚಿಕಿತ್ಸೆಯನ್ನು ಸರಿಯಾಗಿ ಪಾಲಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತ್ತು. ಆದ್ದರಿಂದ ಇದನ್ನು ಅವಿದ್ಯಾವಂತರ ಅಸಡ್ಡೆಯೆಂದು ತಳ್ಳಿಹಾಕುವಂತಿಲ್ಲ. ಇದರ ಬೇರು ಇನ್ನೂ ಆಳದಲ್ಲಿದೆ.

ಮೊದಲ ಕಾರಣ ವಿಚಿತ್ರವಾದುದು: ಗುಣವಾದೆನೆಂಬ ಭಾವನೆ. ನಮ್ಮ ಹಿರಿಯರು ಕಂಡುಕೊಂಡಂತೆ, ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ತಲೆನೋವಿನ ಗುಳಿಗೆ ನೋವನ್ನು ಕಳೆದು ತನ್ನ ಸಾಕ್ಷಿಯನ್ನು ತಾನೇ ಹೇಳುತ್ತದೆ. ರಕ್ತದೊತ್ತಡದ ಗುಳಿಗೆಗೆ ಅಂತಹ ಸಾಕ್ಷಿಯಿಲ್ಲ. ನುಂಗಿದ ದಿನವೂ ಏನೂ ಆಗುವುದಿಲ್ಲ. ಬಿಟ್ಟ ದಿನವೂ ಏನೂ ಆಗುವುದಿಲ್ಲ. ಅದರ ಯಶಸ್ಸೆಂದರೆ ಏನೂ ಸಂಭವಿಸದಿರುವುದು. ಸಂಭವಿಸದಿದ್ದುದಕ್ಕೆ ಕೃತಜ್ಞರಾಗಿರಲು ಮನುಷ್ಯನಿಗೆ ವಿಶೇಷವಾದ ಕಣ್ಣು ಬೇಕು. ಕಾಣದುದರಲ್ಲಿ ಭರವಸೆಯಿಡಲು ವಿಶ್ವಾಸಿಗೆ ಬೇಕಾದ ಕಣ್ಣೂ ಅಂತಹುದೇ ಅಲ್ಲವೇ?

ಎರಡನೆಯದು ಭಯ ಮತ್ತು ಅನುಮಾನ. 'ಇಂಗ್ಲಿಷ್ ಔಷಧ ಉಷ್ಣ', 'ಒಮ್ಮೆ ಶುರುಮಾಡಿದರೆ ಬಿಡಲಾಗದು', 'ಇಷ್ಟು ಗುಳಿಗೆ ನುಂಗಿದರೆ ಮೂತ್ರಪಿಂಡ ಉಳಿದೀತೇ?' - ಇವು ನಮ್ಮ ಅಂಗಳದ ಮಾತುಗಳು. ಇವೆಲ್ಲವನ್ನೂ ಮೌಢ್ಯವೆಂದು ನಗುವುದು ಸಲ್ಲದು. ಔಷಧಗಳಿಗೆ ಅಡ್ಡ ಪರಿಣಾಮಗಳಿರುವುದು ನಿಜ: ಕೆಲವರಿಗೆ ಕಾಲು ಊದಿಕೊಳ್ಳುತ್ತದೆ, ಕೆಲವರಿಗೆ ಒಣಕೆಮ್ಮು, ಕೆಲವರಿಗೆ ಸ್ನಾಯುನೋವು, ಹೊಟ್ಟೆಯುರಿ. ವೈದ್ಯರಿಗೆ ತಿಳಿಸಿದರೆ ಔಷಧವನ್ನೋ ಪ್ರಮಾಣವನ್ನೋ ಬದಲಿಸಬಹುದು. ಆದರೆ ಹೊರರೋಗಿಗಳ ಸಾಲಿನಲ್ಲಿ ಮೂರು ತಾಸು ನಿಂತು ಎರಡು ನಿಮಿಷದ ಭೇಟಿ ಪಡೆದವನು ಅದನ್ನು ಹೇಳದೆ ಮನೆಗೆ ಹಿಂತಿರುಗುತ್ತಾನೆ. ಹೇಳುವ ಬದಲು ಮೌನವಾಗಿ ಬಿಟ್ಟುಬಿಡುತ್ತಾನೆ.

ಮೂರನೆಯದು ಬಡತನ ಮತ್ತು ದೂರ. 17 ದೇಶಗಳಲ್ಲಿ ನಡೆದ 'ಪ್ಯೂರ್' ಅಧ್ಯಯನದ ವರದಿ 2011ರಲ್ಲಿ ಪ್ರಕಟವಾಯಿತು. ಹೃದ್ರೋಗವನ್ನೋ ಪಾರ್ಶ್ವವಾಯುವನ್ನೋ ಅನುಭವಿಸಿದವರಲ್ಲಿ ಎಷ್ಟು ಜನರು ತಡೆಗಟ್ಟುವ ಔಷಧ ಸೇವಿಸುತ್ತಿದ್ದಾರೆಂದು ಅದರಲ್ಲಿ ಎಣಿಸಲಾಗಿತ್ತು. ಶ್ರೀಮಂತ ದೇಶಗಳಲ್ಲಿ ಆ ಪೈಕಿ ಒಂದು ಔಷಧವನ್ನೂ ಸೇವಿಸದವರು ಶೇಕಡ 11ರಷ್ಟು. ಅಂದು ಭಾರತವೂ ಸೇರಿದ್ದ ಕಡಿಮೆ ವರಮಾನದ ದೇಶಗಳ ಗುಂಪಿನಲ್ಲಿ ಅಂಥವರು ಶೇಕಡ 80ರಷ್ಟು. ಇಲ್ಲಿಯ 80 ಮಂದಿಯ ಸಂಕಲ್ಪ ದುರ್ಬಲ, ಅಲ್ಲಿಯ 89 ಮಂದಿಯ ಸಂಕಲ್ಪ ಪ್ರಬಲ ಎಂದು ಯಾರಾದರೂ ಹೇಳಬಲ್ಲರೇ? ಈ ಅಂತರ ವ್ಯಕ್ತಿಯ ಗುಣದ ಅಂತರವಲ್ಲ, ವ್ಯವಸ್ಥೆಯ ಅಂತರ. ದಿನಗೂಲಿಯವನು ಆಸ್ಪತ್ರೆಗೆ ಹೋಗಬೇಕಾದರೆ ಬಸ್ಸಿನ ಖರ್ಚಿನೊಡನೆ ಒಂದು ದಿನದ ಕೂಲಿಯೂ ಹೋಗುತ್ತದೆ. ಜೊತೆಗೆ ಬರುವ ಮಗಳ ಕೂಲಿಯೂ ಹೋಗುತ್ತದೆ.

ಗಾಯಗೊಂಡ ಅಂಗ

ಆದರೆ ಪಾರ್ಶ್ವವಾಯುವಿಗೆ ಮಾತ್ರ ವಿಶೇಷವಾದ ಮತ್ತೊಂದು ಕಾರಣವಿದೆ. ನಮ್ಮ ನೈತಿಕ ತೀರ್ಪುಗಳು ಎಡವುವುದು ಇಲ್ಲಿಯೇ.

ಒಳಿತನ್ನು ಅರಿತೂ ಮಾಡದಿರುವುದು ಹೇಗೆ ಸಾಧ್ಯ ಎಂಬುದು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆ. ತಿಳಿದೂ ತಿಳಿದೂ ಯಾರೂ ಕೆಡುಕನ್ನು ಆರಿಸಿಕೊಳ್ಳರೆಂದು ಸಾಕ್ರಟೀಸನು ವಾದಿಸಿದನು. ಅರಿಸ್ಟಾಟಲನು ಅದನ್ನೊಪ್ಪದೆ, ಅರಿವಿದ್ದೂ ಸಂಕಲ್ಪ ಸೋಲುವ ಮನೋದೌರ್ಬಲ್ಯವನ್ನು ತನ್ನ ನೀತಿಶಾಸ್ತ್ರದಲ್ಲಿ ವಿಸ್ತಾರವಾಗಿ ವಿವೇಚಿಸಿದನು. ತಾನು ಬಯಸುವ ಒಳಿತನ್ನು ಮಾಡದೆ ಬಯಸದ ಕೆಡುಕನ್ನೇ ಮಾಡುವ ಒಳಗುದಿಯನ್ನು ಸಂತ ಪೌಲನು ರೋಮನರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ತೋಡಿಕೊಂಡನು. ಇವರೆಲ್ಲರೂ ಮಾತನಾಡುತ್ತಿರುವುದು ಅರಿಯುವ, ನೆನಪಿಡುವ, ಸಂಕಲ್ಪಿಸುವ ಶಕ್ತಿ ಸ್ವಸ್ಥವಾಗಿರುವ ಮನುಷ್ಯನ ಬಗ್ಗೆ. ಪಾರ್ಶ್ವವಾಯು ಪೀಡಿತನಲ್ಲಿ ಗಾಯಗೊಂಡಿರುವುದು ಆ ಶಕ್ತಿಗಳು ಕೆಲಸ ಮಾಡುವ ಅಂಗವೇ.

ವಿಚಾರ ಮಾಡಿ ನೋಡಿ. ಬೆಳಗ್ಗೆ ಗುಳಿಗೆ ನುಂಗಿದೆನೋ ಇಲ್ಲವೋ ಎಂಬ ನೆನಪು ಉಳಿಯದು. ಒಂದು ಕೈ ಸ್ವಾಧೀನದಲ್ಲಿಲ್ಲದವನಿಗೆ ಗುಳಿಗೆಯ ಹಾಳೆಯನ್ನು ಒತ್ತಿ ತೆರೆಯಲಾಗದು. ಗಂಟಲ ಸ್ನಾಯುಗಳು ಸೋತಿದ್ದರೆ ನೀರೇ ಇಳಿಯದು, ಇನ್ನು ಗುಳಿಗೆ ಹೇಗೆ ಇಳಿದೀತು? ಮಾತು ಹೋದವನಿಗೆ 'ಇದರಿಂದ ತಲೆ ಸುತ್ತುತ್ತಿದೆ' ಎಂದು ಹೇಳಲಾಗದು. ಎಲ್ಲಕ್ಕಿಂತ ಮಿಗಿಲಾಗಿ, ಬದುಕುಳಿದ ಸುಮಾರು ಮೂವರಲ್ಲಿ ಒಬ್ಬರನ್ನು ಖಿನ್ನತೆ ಆವರಿಸುತ್ತದೆ. 'ಯಾರಿಗೂ ಬೇಡವಾದ ನಾನು ಏಕೆ ಬದುಕಬೇಕು?' ಎಂದು ಗೋಡೆಯ ಕಡೆಗೆ ಮುಖಮಾಡಿ ಮಲಗಿದವನಿಗೆ ಬದುಕನ್ನು ಉದ್ದಮಾಡುವ ಗುಳಿಗೆ ಅನುಗ್ರಹವಾಗಿ ಕಂಡೀತೇ? ಅವನು ಗುಳಿಗೆಯನ್ನು ಬಿಡುವ ಮೊದಲೇ ಬದುಕನ್ನು ಬಿಟ್ಟಿರುತ್ತಾನೆ. ಅಂಥವನಿಗೆ ಬೈಗುಳ ಮದ್ದಲ್ಲ. ಖಿನ್ನತೆಗೂ ಚಿಕಿತ್ಸೆಯುಂಟೆಂಬುದನ್ನು ಮನೆಯವರು ಅರಿಯಬೇಕು.

ಧರ್ಮಸಭೆಯ ಬೋಧನೆಯ ವಿವೇಕ ಇಲ್ಲಿ ನಮಗೆ ದಾರಿ ತೋರುತ್ತದೆ. ಜೀವ ಮತ್ತು ಆರೋಗ್ಯ ದೇವರು ನಮಗೊಪ್ಪಿಸಿದ ಅಮೂಲ್ಯ ವರಗಳು. ಅವುಗಳನ್ನು ಯುಕ್ತ ರೀತಿಯಲ್ಲಿ ಕಾಪಾಡಿಕೊಳ್ಳುವುದು ನಮ್ಮ ಕರ್ತವ್ಯವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2288ನೇ ಪರಿಚ್ಛೇದ ಸಾರುತ್ತದೆ. ಕರ್ತವ್ಯ ಉಂಟು, ಸಂದೇಹವಿಲ್ಲ. ನಮ್ಮ ದೇಹದ ಮೇಲೆ ನಮ್ಮನ್ನು ನಂಬಿದವರ ಬಾಳೂ ನಿಂತಿದೆ. ಎರಡನೆಯ ಆಘಾತದ ಭಾರವನ್ನು ಹೊರುವವಳು ಬಹುತೇಕ ಹೆಂಡತಿಯೋ ಸೊಸೆಯೋ ಮಗಳೋ ಆಗಿರುತ್ತಾಳೆ. ಆದರೆ ಅದೇ ಗ್ರಂಥ 1735ನೇ ಪರಿಚ್ಛೇದದಲ್ಲಿ, ಅಜ್ಞಾನ, ಮರೆವು, ಭಯ, ಮನಸ್ಸಿನ ಕ್ಲೇಶ ಮೊದಲಾದವು ಮನುಷ್ಯನ ಹೊಣೆಯನ್ನು ತಗ್ಗಿಸಬಲ್ಲವು, ಕೆಲವೊಮ್ಮೆ ಇಲ್ಲವಾಗಿಸಬಲ್ಲವು ಎಂದೂ ಕಲಿಸುತ್ತದೆ. 16ನೇ ಶತಮಾನದ ದೊಮಿನಿಕನ್ ಸಭೆಯ ದೈವಶಾಸ್ತ್ರಜ್ಞ ಫ್ರಾನ್ಸಿಸ್ಕೊ ದೆ ವಿತೋರಿಯ, ಮಹಾ ಯಾತನೆಯಿಂದಲ್ಲದೆ ತುತ್ತನ್ನು ನುಂಗಲಾರದ ರೋಗಿಯ ಬಗ್ಗೆ ವಿವೇಚಿಸಿ, ಅಂಥವನು ಉಣ್ಣದಿದ್ದರೆ ಅದನ್ನು ಆತ್ಮಹತ್ಯೆಯ ಪಾಪವೆಂದು ಎಣಿಸಬಾರದೆಂದು ಅಭಿಪ್ರಾಯಪಟ್ಟನು. ನಾನೂರೈವತ್ತು ವರ್ಷಗಳಿಗೂ ಹಿಂದೆಯೇ ಪೀಡಿತನ ಬಳಲಿಕೆಯನ್ನು ಇಷ್ಟು ಮೃದುವಾಗಿ ಅಳೆದ ಪರಂಪರೆಯ ವಾರಸುದಾರರು ನಾವು. ನಾವೇಕೆ ಅದಕ್ಕಿಂತ ಕಠಿಣರಾಗಬೇಕು?

ಹಾಗಾದರೆ ಕರ್ತವ್ಯ ಎಲ್ಲಿಗೆ ಹೋಯಿತು? ಅದು ಆವಿಯಾಗುವುದಿಲ್ಲ. ಹೊರಲಾರದವನ ಭುಜದಿಂದ ಇಳಿದ ಹೊರೆ ಹೊರಬಲ್ಲವನ ಭುಜಕ್ಕೆ ಏರುತ್ತದೆ. ಮಾರ್ಕನ ಶುಭಸಂದೇಶದ 2ನೇ ಅಧ್ಯಾಯವನ್ನು ನೆನೆಯಿರಿ. ಪಾರ್ಶ್ವವಾಯು ರೋಗಿಯೊಬ್ಬನನ್ನು ನಾಲ್ವರು ಹೊತ್ತು ತಂದರು. ಜನರ ಗುಂಪಿನಲ್ಲಿ ದಾರಿ ಸಿಗದಿದ್ದಾಗ ಮಾಳಿಗೆಯ ಮೇಲ್ಛಾವಣಿಯನ್ನೇ ತೆಗೆದು ಇಳಿಸಿದರು. ರೋಗಿ ಒಂದು ಮಾತನ್ನಾದರೂ ಆಡಿದನೆಂದು ಅಲ್ಲಿ ಬರೆದಿಲ್ಲ. ಯೇಸುಸ್ವಾಮಿ ಕಂಡದ್ದು ಅವರೆಲ್ಲರ ವಿಶ್ವಾಸವನ್ನು. ಹಾಸಿಗೆ ಹಿಡಿದವನ ಚೇತರಿಕೆ ಅವನೊಬ್ಬನ ಸಂಕಲ್ಪದ ಫಲವಾಗಿರಲೇಬೇಕೆಂದು ನಮ್ಮ ಪ್ರಭು ಕೇಳಲಿಲ್ಲ.

ಪ್ರಾರ್ಥನೆಯೋ ಔಷಧವೋ?

ನಮ್ಮ ನಡುವೆ ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಪ್ರಾರ್ಥನಾ ಕೂಟದಲ್ಲಿ ಯಾರೋ 'ನೀನು ಸ್ವಸ್ಥನಾದೆ, ಇನ್ನು ಗುಳಿಗೆ ನುಂಗುವುದು ಅವಿಶ್ವಾಸ' ಎನ್ನುತ್ತಾರೆ. ಆ ಮಾತನ್ನು ನಂಬಿ ಔಷಧವನ್ನು ಬಿಸಾಡಿದ ಕುಟುಂಬಗಳುಂಟು. ಇದು ವಿಶ್ವಾಸದ ಹೆಚ್ಚಳವಲ್ಲ, ದೇವರನ್ನು ಪರೀಕ್ಷಿಸುವ ದುಸ್ಸಾಹಸ.

ಪವಿತ್ರ ಗ್ರಂಥ ಇಂಥ ಭೇದವನ್ನು ಅರಿಯದು. ಅರಸ ಹಿಜ್ಕೀಯನು ಮರಣಾಂತಿಕ ರೋಗದಲ್ಲಿ ಕಣ್ಣೀರಿಟ್ಟು ಪ್ರಾರ್ಥಿಸಿದನು. ದೇವರು ಆಲಿಸಿ 15 ವರ್ಷಗಳ ಆಯುಸ್ಸನ್ನು ವಾಗ್ದಾನ ಮಾಡಿದರು. ವಾಗ್ದಾನ ದೊರೆತ ಮೇಲೂ ಪ್ರವಾದಿ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಕಟ್ಟಿಸಿದನು. ದೇವರ ಮಾತೂ ಅಂಜೂರದ ಲೇಪವೂ ಒಂದೇ ಕೋಣೆಯಲ್ಲಿ ಜಗಳವಾಡಲಿಲ್ಲ. ಹೆಸರಿನಲ್ಲಿಯೇ 'ದೇವರು ಗುಣಪಡಿಸುತ್ತಾರೆ' ಎಂಬ ಅರ್ಥವಿರುವ ದೇವದೂತ ರಫಾಯೆಲನು ತೋಬಿತನ ಕುರುಡುತನಕ್ಕೆ ಮೀನಿನ ಪಿತ್ತವನ್ನು ಮದ್ದಾಗಿ ತೋರಿಸಿಕೊಟ್ಟನು. ಸಿರಾಖನ ಗ್ರಂಥದ 38ನೇ ಅಧ್ಯಾಯ ಔಷಧಗಳು ಭೂಮಿಯಿಂದ ದೇವರೇ ಹೊರಡಿಸಿದವುಗಳೆಂದೂ ವಿವೇಕಿಯು ಅವುಗಳನ್ನು ತಿರಸ್ಕರಿಸನೆಂದೂ ಕಲಿಸುತ್ತದೆ. ಪ್ರಾರ್ಥಿಸು, ಅನಂತರ ವೈದ್ಯನಿಗೂ ಸ್ಥಳಕೊಡು ಎಂಬುದು ಅದರ ಕ್ರಮ. ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರವನ್ನು ನೀಡುವ ಧರ್ಮಸಭೆಯೇ ಆಸ್ಪತ್ರೆಗಳನ್ನೂ ಕಟ್ಟಿತು. 1963ರಲ್ಲಿ ಬೆಂಗಳೂರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರು ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಇದಕ್ಕೆ ನಮ್ಮ ಕಣ್ಣೆದುರಿನ ಸಾಕ್ಷಿ.

ಆ ಸಂಸ್ಥೆಯ ಸಂಶೋಧಕರು ಮುಂದಾಳತ್ವ ವಹಿಸಿದ ಒಂದು ಕಾರ್ಯ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ರೋಗಿ ದಿನಕ್ಕೆ ಐದಾರು ಗುಳಿಗೆಗಳನ್ನು ನುಂಗಬೇಕಾದಾಗ ಕೆಲವು ಬಿಟ್ಟುಹೋಗುವುದು ಸಹಜವಷ್ಟೇ? 2009ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ದೇಶದ 50 ಕೇಂದ್ರಗಳ 2,053 ಜನರಲ್ಲಿ, ಐದು ಔಷಧಗಳನ್ನು ಒಂದೇ ಕ್ಯಾಪ್ಸೂಲಿನಲ್ಲಿ ಕೂಡಿಸಿ ಕೊಡುವ ವಿಧಾನವನ್ನು ಪರೀಕ್ಷಿಸಲಾಯಿತು. ಇಂತಹ ಸಂಯೋಜಿತ ಗುಳಿಗೆಗಳನ್ನು 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ರೋಗಿಯನ್ನು ಗದರಿಸುವ ಬದಲು ಅವನ ಹೊರೆಯನ್ನು ಹಗುರಮಾಡುವ ಯೋಚನೆ ಇದು. ಇದನ್ನು ದಯೆಯ ಒಂದು ರೂಪವೆಂದರೆ ತಪ್ಪಾಗಲಾರದು.

ಏಳನೆಯ ಮುಳುಗು

ಉಪದೇಶವೊಂದೇ ಸಾಕಾಗದು ಎಂಬುದಕ್ಕೂ ಆಧಾರವಿದೆ. ದೇಶದ 31 ಕೇಂದ್ರಗಳಲ್ಲಿ 4,298 ಪಾರ್ಶ್ವವಾಯು ರೋಗಿಗಳನ್ನು ಒಳಗೊಂಡ 'ಸ್ಪ್ರಿಂಟ್ ಇಂಡಿಯಾ' ಅಧ್ಯಯನದ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಒಂದು ಗುಂಪಿನವರಿಗೆ 12 ಭಾಷೆಗಳಲ್ಲಿ ಸಿದ್ಧಪಡಿಸಿದ ಪುಸ್ತಿಕೆ, ಮೊಬೈಲ್ ಸಂದೇಶ ಮತ್ತು ವಿಡಿಯೋಗಳನ್ನು ನೀಡಲಾಯಿತು. ಔಷಧ ಪಾಲನೆ ತುಸು ಉತ್ತಮಗೊಂಡಿತು. ಧೂಮಪಾನ, ಮದ್ಯಪಾನ ಬಿಟ್ಟವರೂ ಹೆಚ್ಚಿದರು. ಆದರೆ ಒಂದು ವರ್ಷದ ಅವಧಿಯಲ್ಲಿ ಮರು ಆಘಾತ, ಹೃದಯಾಘಾತ, ಮರಣಗಳು ಮಾತ್ರ ಕಡಿಮೆಯಾಗಲಿಲ್ಲ. ತಿಳುವಳಿಕೆ ಬೇಕು, ಅದು ಹೊಸಿಲವರೆಗೆ ಕರೆತರುತ್ತದೆ. ಹೊಸಿಲಿನಿಂದೊಳಗೆ ದಿನವೂ ಜೊತೆಗಿರಬೇಕಾದವರು ಮನುಷ್ಯರು.

ಜೊತೆಗಿರುವುದು ಹೇಗೆಂಬುದಕ್ಕೆ ಅರಸುಗಳ ಎರಡನೆಯ ಗ್ರಂಥದ 5ನೇ ಅಧ್ಯಾಯದಲ್ಲಿ ಸುಂದರವಾದ ದೃಷ್ಟಾಂತವಿದೆ. ಸಿರಿಯದ ಸೇನಾಪತಿ ನಾಮಾನನಿಗೆ ಕುಷ್ಠ. ಜೋರ್ಡನ್ ನದಿಯಲ್ಲಿ ಏಳು ಸಾರಿ ಮುಳುಗೇಳು ಎಂದು ಎಲೀಷನು ಹೇಳಿಕಳುಹಿಸಿದಾಗ ಅವನು ಕೆರಳಿದನು. ಇಷ್ಟು ಸಾಮಾನ್ಯವಾದ ಕೆಲಸವೇ, ಇದೇ ನೀರೇ ಎಂದು ರಥ ತಿರುಗಿಸಿದನು. ಅವನನ್ನು ಹಿಂದಕ್ಕೆ ತಂದವರು ಅವನ ಸೇವಕರು. ಅವರು ಆಜ್ಞಾಪಿಸಲಿಲ್ಲ, ಹಂಗಿಸಲಿಲ್ಲ. ತಂದೆಯೆಂದು ಕರೆದು, ಕಠಿಣವಾದುದನ್ನು ಹೇಳಿದ್ದರೆ ಮಾಡುತ್ತಿದ್ದಿರಲ್ಲವೇ ಎಂದು ಮೃದುವಾಗಿ ಕೇಳಿದರು. ಮೊದಲ ಮುಳುಗಿಗೆ ಅವನು ಗುಣವಾದನೆಂದು ಬರೆದಿಲ್ಲ, ಮೂರನೆಯದಕ್ಕೂ ಬರೆದಿಲ್ಲ. ಏನೂ ಬದಲಾಗದಂತೆ ಕಂಡಾಗಲೂ ಮತ್ತೆ ಮುಳುಗಬೇಕಾಗಿತ್ತು. ದಿನದ ಗುಳಿಗೆಯೂ ಅಂತಹ ಮುಳುಗೇ.

ಕುಟುಂಬದವರೇ, ಆ ಸೇವಕರಂತಿರಿ. ಗುಳಿಗೆಯನ್ನು ನಿತ್ಯದ ಯಾವುದಾದರೊಂದು ಕೆಲಸಕ್ಕೆ ಗಂಟುಹಾಕಿ: ಬೆಳಗಿನ ಕಾಫಿಗೆ, ಸಂಜೆಯ ಜಪಸರಕ್ಕೆ. ವಾರದ ಗುಳಿಗೆಗಳನ್ನು ದಿನವಾರು ವಿಂಗಡಿಸಿಟ್ಟರೆ ಮರೆವು ಕಣ್ಣಿಗೆ ಕಾಣುತ್ತದೆ. ಒಂದು ಹೊತ್ತು ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ಕೊಡಬೇಡಿ. ನುಂಗಲಾಗದೆಂದು ವೈದ್ಯರನ್ನು ಕೇಳದೆ ಪುಡಿಮಾಡಬೇಡಿ. ನೆರೆಮನೆಯವರ ಗುಳಿಗೆಯನ್ನು ಎರವಲು ತರಬೇಡಿ. ನಾಳ ಮುಚ್ಚಿದವನಿಗೆ ರಕ್ಷೆಯಾದ ಔಷಧ ನಾಳ ಒಡೆದವನಿಗೆ ಅಪಾಯವಾಗಬಲ್ಲದು. ಅನ್ನದಲ್ಲಿ ಬಚ್ಚಿಟ್ಟು ಮೋಸದಿಂದ ತಿನ್ನಿಸುವ ಅಭ್ಯಾಸವೂ ಬೇಡ. ಅದು ಹಿರಿಯರ ಮಾನವನ್ನು ಕುಂದಿಸುತ್ತದೆ, ಬಯಲಾದ ದಿನ ಅನ್ನದ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ. 'ಏಕೆ ಬೇಡ ಅನ್ನಿಸುತ್ತಿದೆ?' ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಮಾತು ತೊದಲುವವರಿಗೆ ಹೆಚ್ಚು ಹೊತ್ತು ಕಾಯಬೇಕಾಗುತ್ತದೆ.

ಕೆಲವೊಮ್ಮೆ ಅವರ ಉತ್ತರ ನ್ಯಾಯವಾಗಿಯೇ ಇರಬಹುದು. ಫಲಕ್ಕಿಂತ ಹೊರೆಯೇ ಮಿಗಿಲಾದ ಚಿಕಿತ್ಸೆಯನ್ನು ಮುಂದುವರಿಸಲೇಬೇಕೆಂದು ಧರ್ಮಸಭೆ ಎಂದೂ ಒತ್ತಾಯಿಸಿಲ್ಲ. 1957ರಲ್ಲಿ ವಿಶ್ವಗುರು 12ನೇ ಪಿಯುಸರು ವೈದ್ಯರನ್ನುದ್ದೇಶಿಸಿ ಮಾತನಾಡುತ್ತಾ ಸಾಮಾನ್ಯ ಹಾಗೂ ಅಸಾಮಾನ್ಯ ಚಿಕಿತ್ಸೆಗಳ ಭೇದವನ್ನು ಸ್ಪಷ್ಟಪಡಿಸಿದ್ದರು. ದಿನಕ್ಕೊಂದು ರಕ್ತದೊತ್ತಡದ ಗುಳಿಗೆ ಬಹುತೇಕ ಎಲ್ಲರಿಗೂ ಸಾಮಾನ್ಯವೇ. ಆದರೂ ಜೀವನದ ಅಂತ್ಯ ಸಮೀಪಿಸಿದ ಬಳಲಿದ ಹಿರಿಯರಿಗೆ ಎಲ್ಲ ಔಷಧಗಳೂ ಬೇಕೇ ಎಂದು ವೈದ್ಯರನ್ನು ಕೇಳುವುದು ಅಧರ್ಮವಲ್ಲ. ಕೇಳಿ ನಿಲ್ಲಿಸುವುದು ಬೇರೆ, ಯಾರಿಗೂ ಹೇಳದೆ ಬಿಡುವುದು ಬೇರೆ.

ಇನ್ನು ಧರ್ಮಕೇಂದ್ರದ ಪಾತ್ರ. ದಯಾಮಯ ಸಮಾರಿಯದವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದು ಹೊರಟುಹೋಗಲಿಲ್ಲ. ಛತ್ರದವನ ಕೈಗೆ ಎರಡು ದಿನಾರಿಗಳನ್ನಿತ್ತು, ಹೆಚ್ಚು ಖರ್ಚಾದರೆ ಮರಳಿ ಬಂದಾಗ ಕೊಡುವೆನೆಂದನು. ಮೊದಲ ದಿನದ ದಯೆಯನ್ನು ನಾವೆಲ್ಲರೂ ಬಲ್ಲೆವು; ನಂತರದ ದಿನಗಳ ಖರ್ಚಿನ ಮಾತನ್ನು ಮರೆಯುತ್ತೇವೆ. ಶಸ್ತ್ರಚಿಕಿತ್ಸೆಗೆ ಚಂದಾ ಎತ್ತುವ ನಾವು ತಿಂಗಳ ಗುಳಿಗೆಗೆ ಎತ್ತುತ್ತೇವೆಯೇ? 2008ರಿಂದ ದೇಶದಲ್ಲಿ ಜನೌಷಧಿ ಯೋಜನೆಯಿದೆ; ಅಲ್ಲಿ ಅದೇ ಔಷಧಗಳು ಅಗ್ಗವಾಗಿ ದೊರೆಯುತ್ತವೆ ಎಂಬುದನ್ನು ಪೂಜೆಯ ನಂತರದ ಪ್ರಕಟಣೆಯಲ್ಲಿ ಹೇಳಬಹುದು. ಪೇಟೆಗೆ ಹೋಗುವ ಯುವಕನೊಬ್ಬ ಮೂರು ಮನೆಗಳ ಔಷಧ ತಂದುಕೊಡಬಹುದು. ಸಂತ ವಿನ್ಸೆಂಟ್ ದೆ ಪೌಲರ ಸಭೆಯವರು ಮನೆ ಭೇಟಿಯಲ್ಲಿ ಅಕ್ಕಿಯ ಡಬ್ಬಿಯನ್ನು ನೋಡುವಂತೆ ಗುಳಿಗೆಯ ಡಬ್ಬಿಯನ್ನೂ ನೋಡಬಹುದು. ರೋಗಿಯನ್ನು ನೋಡಿಕೊಳ್ಳುವ ಹೆಣ್ಣುಮಗಳಿಗೆ ಒಂದು ಮಧ್ಯಾಹ್ನದ ಬಿಡುವನ್ನಾದರೂ ಕೊಡಬಹುದು. ಅವಳು ಕುಸಿದ ದಿನ ಇಬ್ಬರ ಔಷಧವೂ ನಿಲ್ಲುತ್ತದೆ.

ಪಾರ್ಶ್ವವಾಯುವಿನಿಂದ ಎದ್ದು ಕುಳಿತು ಈ ಪುಟಗಳನ್ನು ಓದುತ್ತಿರುವ, ಅಥವಾ ಯಾರಿಂದಲೋ ಓದಿಸಿ ಕೇಳುತ್ತಿರುವ ಬಂಧುವೇ, ಕೊನೆಯ ಮಾತು ನಿಮಗೆ. ಒಂದು ದಿನ ತಪ್ಪಿತೆಂದು ಎದೆಗುಂದಬೇಡಿ. ಇಸ್ರಯೇಲರಿಗೆ ಮರುಭೂಮಿಯಲ್ಲಿ ಮನ್ನ ಸುರಿದದ್ದು ಅಂದಂದಿನ ಪಾಲಾಗಿ. ಪ್ರಭು ನಮಗೆ ಕಲಿಸಿದ ಪ್ರಾರ್ಥನೆಯಲ್ಲಿ ಬೇಡುವುದೂ ಅಂದಿನ ಆಹಾರವನ್ನೇ. ಬಾಳಿಡೀ ಗುಳಿಗೆ ನುಂಗಬೇಕೆಂದು ನೆನೆದರೆ ಯಾರಿಗಾದರೂ ದಣಿವಾಗುತ್ತದೆ. ನುಂಗಬೇಕಾದುದು ಇಂದಿನದನ್ನು ಮಾತ್ರ. ನಾಳೆಯದನ್ನು ನೆನಪಿಸಲು ನಿಮ್ಮ ಬಳಿ ಒಬ್ಬರು ಇರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ.